ಅಂಗಡಿಯ ಹಳೇ ಲೆಕ್ಕದ ಪುಸ್ತಕ ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಶರಾವತಿ ನದಿಯ ಅಣೆಕಟ್ಟಿಗೆ ಊರು ಮುಳುಗಿ ಮನೆ ಬಿಟ್ಟು ಬಂದ ಮುಳುಗಡೆಯವರ ಹಕ್ಕುಪತ್ರದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇದೆ. ಓದಿದಾಗಲೆಲ್ಲ ಒಂದು ಮಾತು ಕಣ್ಣಿಗೆ ಬೀಳುತ್ತದೆ: ಈ ಜನರ ಹತ್ತಿರ ದಾಖಲೆ ಇಲ್ಲ. ಪಹಣಿಯಲ್ಲಿ ಇನ್ನೂ ಅರಣ್ಯ ಅಂತಲೇ ಇದೆ. ಲಾರಿಯಲ್ಲಿ ತಂದು ಬಿಟ್ಟಾಗ ಕೊಟ್ಟ ಚೀಟಿ ಎಷ್ಟೋ ಮನೆಗಳಲ್ಲಿ ಒರಲೆ ಪಾಲಾಗಿದೆ. ಇದೆಲ್ಲ ನಿಜವೇ. ಆದರೆ ದಾಖಲೆಯೇ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇದೆ. ಕಿರಾಣಿ ಅಂಗಡಿಯವರ ಮನೆ ಅಟ್ಟದ ಮೇಲೆ, ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಪುಸ್ತಕಗಳಲ್ಲಿ ಇದೆ. ಈಗ ಅವು ಒಂದೊಂದಾಗಿ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಪಕ್ಕದ ಊರಿನ ಹಳೇ ಅಂಗಡಿ ಮುಚ್ಚಿದ ಮೇಲೆ ಮಕ್ಕಳು ಮನೆ ಖಾಲಿ ಮಾಡಿದರು. ಪುಸ್ತಕಗಳೆಲ್ಲ ಮೂಟೆ ಕಟ್ಟಿ ಹೋದವು ಎಂದು ಆಮೇಲೆ ತಿಳಿಯಿತು. ಆ ಸಂಕಟಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನಮ್ಮ ಮೂಲ ಊರು ಸಾಗರ ತಾಲ್ಲೂಕಿನಲ್ಲಿತ್ತು, ಈಗ ನೀರಿನಡಿ ಇದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಜನರನ್ನು ಎಬ್ಬಿಸಲು ಅದಕ್ಕೂ ಮೊದಲೇ ಶುರು ಮಾಡಿದ್ದರು. ಅದಕ್ಕೂ ಹಿಂದೆ, 1948ರ ಹಿರೇಭಾಸ್ಕರ ಅಣೆಕಟ್ಟಿಗೆ ಒಮ್ಮೆ ಮನೆ ಬಿಟ್ಟು ಬಂದವರು ಎರಡನೇ ಸಲ ಗಂಟು ಕಟ್ಟಿದ್ದೂ ಉಂಟು. ಆ ಹಳೇ ಅಣೆಕಟ್ಟೇ ಈಗ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದೆ ಅಂದಮೇಲೆ ಊರುಗಳ ಕಥೆ ಹೇಳಬೇಕೇ! ನಮ್ಮನ್ನು ತಂದು ಬಿಟ್ಟದ್ದು ಶಿವಮೊಗ್ಗ ತಾಲ್ಲೂಕಿನ ಕುಂಸಿ, ಆಯನೂರು ಕಡೆಯ ಕಾಡಿಗೆ. ದಾರಿ ಇಲ್ಲ, ಬಾವಿ ಇಲ್ಲ. ಕಾಡು ಕಡಿದು ಬೇಸಾಯ ಮಾಡಿಕೊಳ್ಳಿ ಅಂದರು, ಅಷ್ಟೇ.

ನಮ್ಮ ಅಪ್ಪಯ್ಯ ಹಳೇ ಊರಲ್ಲಿ ಸಣ್ಣ ಅಂಗಡಿ ಇಟ್ಟಿದ್ದರು. ಇಲ್ಲಿಗೆ ಬಂದ ಮೇಲೂ ಹುಲ್ಲಿನ ಮಾಡಿನ ಕೆಳಗೆ ಅಂಗಡಿಯನ್ನೇ ತೆರೆದರು. ಶಿವಮೊಗ್ಗದ ಗಾಂಧಿ ಬಜಾರಿನಿಂದ ಸಾಮಾನು ತರಬೇಕು. ಲಾರಿ ಸಿಕ್ಕಷ್ಟು ದೂರ ಲಾರಿ, ಆಮೇಲೆ ಎತ್ತಿನ ಗಾಡಿ. ಕೊಳ್ಳುವವರ ಕೈಯಲ್ಲಿ ಕಾಸಿಲ್ಲ. ಹೀಗಾಗಿ ಅಂಗಡಿ ನಡೆದದ್ದೆಲ್ಲ ಉದ್ರಿಯಲ್ಲೇ. "ಬರ್ಕಳಿ ಶೆಟ್ರೇ, ಕೊಯ್ಲಾದ್ಮೇಲೆ ಕೊಡ್ತೀನಿ" ಅನ್ನುವ ಮಾತು ಕೇಳಿಕೊಂಡೇ ನಾನು ಬೆಳೆದೆ. ಅಕ್ಷರ ದುಂಡಗಿದೆ ಅಂತ ನಾಲ್ಕನೇ ಕ್ಲಾಸಿನಿಂದಲೇ ನನ್ನ ಕೈಲಿ ಬರೆಸುತ್ತಿದ್ದರು.

ಲೆಕ್ಕದಲ್ಲಿ ಅಪ್ಪಯ್ಯ ಬಹಳ ಕಟ್ಟುನಿಟ್ಟು. ದಿನದ ವ್ಯಾಪಾರ ರೋಜು ಪುಸ್ತಕಕ್ಕೆ. ರಾತ್ರಿ ಊಟ ಆದ ಮೇಲೆ ಲಾಟೀನಿನ ಬೆಳಕಲ್ಲಿ ಅದನ್ನು ಮನೆಮನೆಯ ಖಾತೆಗೆ ಎತ್ತಿ ಬರೆಯಬೇಕು. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೊನೆಗೆ ಕೈ ಶಿಲ್ಕು, ಅಂದರೆ ಕೈಯಲ್ಲಿ ಉಳಿದ ದುಡ್ಡು. ಶಿಲ್ಕು ತಾಳೆ ಆಗದಿದ್ದರೆ ಮಲಗುವ ಹಾಗಿಲ್ಲ. ಕೊಳ್ಳುವವರ ಎದುರೇ ಬರೆದು ಓದಿ ಹೇಳಬೇಕು. ಓದು ಬರದವರಿಗಂತೂ ಎರಡು ಸಲ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿ ಮಾಡಿ ಬರೆಯಬೇಕು. ಒರೆಸಬಾರದು, ಹಾಳೆ ಹರಿಯಬಾರದು. ಮಲೆನಾಡಿನಲ್ಲಿ ಅಳತೆಯ ವಿಷಯಕ್ಕೆ ಎಂಥ ನೋವಿತ್ತು ಅನ್ನುವುದು ಅವರಿಗೆ ಗೊತ್ತಿತ್ತು. 1951ರ ಕಾಗೋಡು ಹೋರಾಟಕ್ಕೆ ಕಿಡಿ ಹತ್ತಿದ್ದೇ ಗೇಣಿ ಭತ್ತ ಅಳೆಯುವ ಕೊಳಗದ ವಿಚಾರಕ್ಕಲ್ವಾ? ಅದು ನಡೆದದ್ದು ನಮ್ಮದೇ ಸಾಗರ ತಾಲ್ಲೂಕಿನಲ್ಲಿ. ಅಳತೆ, ಬರಹ ಎರಡೂ ಎದುರೆದುರೇ ಆಗಬೇಕು ಅನ್ನುವುದನ್ನು ಅಪ್ಪಯ್ಯ ಅಲ್ಲಿಂದಲೇ ಕಲಿತಿದ್ದರು ಅಂತ ನನ್ನ ನಂಬಿಕೆ.

ಈ ಪುಸ್ತಕಗಳಲ್ಲಿ ಏನಿದೆ ಅಂತ ನಿಮ್ಮ ಓದುಗರಿಗೆ ಸ್ವಲ್ಪ ಬಿಚ್ಚಿ ತೋರಿಸಬೇಕು. ಇಲ್ಲದಿದ್ದರೆ ಉಪ್ಪು ಬೆಲ್ಲದ ಲೆಕ್ಕಕ್ಕೆ ಇಷ್ಟು ದೊಡ್ಡ ಪತ್ರ ಯಾಕೆ ಅನ್ನಿಸಬಹುದು.

ಹಳೇ ಊರಿನ ಒಂದು ಪುಸ್ತಕ ನಮ್ಮ ಹತ್ತಿರ ಉಳಿದಿದೆ. ಅದರಲ್ಲಿ ರೂಪಾಯಿ, ಆಣೆ, ಸೇರು, ಕೊಳಗ. ಒಂದು ಹಾಳೆಯ ತಲೆಯಲ್ಲಿ "1-4-57ರಿಂದ ಹೊಸ ಪೈಸೆ" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಅದರ ಕೆಳಗೆ ಪಟ್ಟಿ: 1 ಆಣೆಗೆ 6, 2 ಆಣೆಗೆ 12, 3 ಆಣೆಗೆ 19, 4 ಆಣೆಗೆ 25. ಬಸ್ಸೇ ಬರದ ಹಳ್ಳಿಯ ಅಂಗಡಿಯವರೊಬ್ಬರು ದೇಶದ ನಾಣ್ಯ ಬದಲಾದ ದಿನವೇ ತಮ್ಮ ಲೆಕ್ಕ ಬದಲಾಯಿಸಿಕೊಂಡರು. ಆ ಊರಿನ ಮನೆಗಳಲ್ಲಿ ಒಂದೂ ಇವತ್ತು ಇಲ್ಲ. ಆದರೆ ಯಾವ ಯಾವ ಮನೆ ಇತ್ತು, ಯಾರು ಹಬ್ಬಕ್ಕೆ ಎಷ್ಟು ಬೆಲ್ಲ ಒಯ್ದರು ಅನ್ನುವುದೆಲ್ಲ ಆ ಪುಸ್ತಕದಲ್ಲಿದೆ.

ಇಲ್ಲಿಗೆ ಬಂದ ಮೇಲಿನ ಪುಸ್ತಕಗಳು ಇನ್ನೂ ಮುಖ್ಯ. ಹೊಸ ಜಾಗಕ್ಕೆ ಮೊದಲಿಗೆ ಹೆಸರೇ ಇರಲಿಲ್ಲ. ಅದಕ್ಕೆ ಅಪ್ಪಯ್ಯ ಪ್ರತಿ ಖಾತೆಯ ಮೇಲೂ ಹಳೇ ಊರಿನ ಹೆಸರು, ಮನೆಯ ಹೆಸರು, ಯಜಮಾನರ ಹೆಸರು ಮೂರನ್ನೂ ಬರೆದರು. ಯಾರು ಎಲ್ಲಿಂದ ಬಂದರು, ಯಾವ ತಿಂಗಳು ಬಂದರು ಅನ್ನುವುದು ಹೀಗೆ ತಾನಾಗಿ ದಾಖಲಾಯಿತು. ಹಳೇ ಊರಲ್ಲಿ ಗೇಣಿ ಮಾಡುತ್ತಿದ್ದವರ ಹೆಸರು ಭೂಮಿಯ ಕಾಗದದಲ್ಲಿ ಇರಲಿಲ್ಲ. ಪರಿಹಾರ ಜಮೀನಿನ ಖಾತೆದಾರರಿಗೆ ಹೋಯಿತು. ಗೇಣಿಯವರು ಬರಿಗೈಯಲ್ಲಿ ಬಂದರು. ಅಂಥವರ ಹೆಸರೂ ಉಪ್ಪಿನ ಲೆಕ್ಕದ ಜೊತೆ ಇಲ್ಲಿ ಸಿಗುತ್ತದೆ.

ಒಂದು ಮನೆಯ ಖಾತೆ ಹೇಳುತ್ತೇನೆ, ಹೆಸರು ಬೇಡ. ಮೊದಲ ಹಾಳೆಯಲ್ಲಿ ಇರುವುದು ಕೊಡಲಿ, ಕತ್ತಿ, ಗುದ್ದಲಿ, ಹಾರೆ, ತೆಂಗಿನ ನಾರಿನ ಹಗ್ಗ. ತಿನ್ನುವ ಸಾಮಾನು ಅಂದರೆ ಉಪ್ಪು, ಒಣಮೆಣಸು, ಒಣಮೀನು. ಬೆಲ್ಲ ಕೂಡ ಅಪರೂಪ. ಮಳೆ ಶುರುವಾದ ಮೇಲೆ ಅನಾಸಿನ್, ಅಮೃತಾಂಜನ, ಸಬ್ಬಕ್ಕಿ. ವಾರ ವಾರವೂ ಸಬ್ಬಕ್ಕಿ. ಅಂದರೆ ಮನೆಯಲ್ಲಿ ಯಾರೋ ಮಲಗಿದ್ದಾರೆ, ಗಂಜಿ ಬಿಟ್ಟು ಬೇರೆ ಸೇರುತ್ತಿಲ್ಲ. ಆಮೇಲೆ ಒಂದು ದಿನ ಒಂದೂವರೆ ಗಜ ಬಿಳಿ ಬಟ್ಟೆ, ಕರ್ಪೂರ, ಊದುಬತ್ತಿ. ಒಂದೂವರೆ ಗಜ ಅಂದರೆ ದೊಡ್ಡವರಿಗಲ್ಲ. ಆ ಸಾಲಿನ ಮುಂದೆ ಮೊತ್ತ ಬರೆದು, ಅದರ ಮೇಲೆ ಗೆರೆ ಎಳೆದು "ಬಾಕಿ ಇಲ್ಲ" ಅಂತ ಅಪ್ಪಯ್ಯನೇ ಬರೆದಿದ್ದಾರೆ. ಆ ದಿನ ನನ್ನ ಕೈಗೆ ಪುಸ್ತಕ ಕೊಟ್ಟಿರಲಿಲ್ಲ. ಆ ಕಾಲದಲ್ಲಿ ಕಾಡಿನೊಳಗೆ ಸತ್ತ ಮಕ್ಕಳ ಜನನ ಮರಣ ನೋಂದಣಿ ಯಾರು ಮಾಡಿಸಿದರು? ಆ ಮಗುವಿಗೆ ಇರುವ ಬರಹ ಇದೊಂದೇ ಇರಬಹುದು.

ಅದೇ ಖಾತೆಯಲ್ಲಿ ಮುಂದಿನ ವರ್ಷಗಳಲ್ಲಿ ಮೊಳೆ, ಚಿಲಕ, ಲಾಟೀನಿನ ಗಾಜು ಬರುತ್ತವೆ. ಗುಡಿಸಲು ಹೋಗಿ ಬಾಗಿಲಿರುವ ಮನೆ ಆಯಿತು ಅಂತ ಅರ್ಥ. ಆಮೇಲೆ ಸ್ಲೇಟು, ಬಳಪ. ಸ್ಲೇಟು ಎಲ್ಲ ಮನೆಗಳ ಖಾತೆಯಲ್ಲೂ ಒಂದೇ ತಿಂಗಳಲ್ಲಿ ಕಾಣಿಸುತ್ತದೆ, ಶಾಲೆ ಶುರುವಾದ ತಿಂಗಳು ಅದು. 1966ರ ಹೊತ್ತಿಗೆ ಅಕ್ಕಿಗೆ ಪರದಾಟ, ಅಮೆರಿಕದ ಗೋಧಿಯ ಕಾಲ. ಮಲೆನಾಡಿನವರಿಗೆ ಗೋಧಿ ಹೇಗೆ ಮಾಡಿ ಉಣ್ಣಬೇಕು ಅಂತಲೇ ಗೊತ್ತಿರಲಿಲ್ಲ. ಕುಚ್ಚಿ ಗಂಜಿ ಮಾಡಿದ್ದು ನನಗೇ ನೆನಪಿದೆ.

ಜಮಾ ಪಾಲಿನ ಕಡೆ ನೋಡಿದರೆ ಇನ್ನೊಂದು ಕಥೆ. ಮೊದಲು ದುಡ್ಡು ಕಾಣುವುದೇ ಇಲ್ಲ. ಸೀಗೆಕಾಯಿ, ಅಂಟುವಾಳ, ಜೇನುತುಪ್ಪ, ಅಂಗಡಿಗೆ ಮಾಡಿಕೊಟ್ಟ ಕೂಲಿ. ಆಮೇಲೆ ಭತ್ತ. ಅಡಿಕೆ ಗಿಡ ನೆಟ್ಟರೆ ಫಸಲು ಬರಲು ಐದಾರು ವರ್ಷ ಬೇಕು. ಅದಕ್ಕೆ ಸರಿಯಾಗಿ 1970ರ ಆಚೀಚೆ ಜಮಾ ಸಾಲಿನಲ್ಲಿ ಮೊದಲ ಸಲ ಅಡಿಕೆ ಬರುತ್ತದೆ, ಅದೂ ಒಂದೆರಡು ಮನೆಗೆ. ಅಷ್ಟರವರೆಗೆ ಈ ಜನ ಬದುಕಿದ್ದು ಅಂಗಡಿಯ ಉದ್ರಿಯ ಮೇಲೆ. ಕಾಡು ಊರಾದ ಬಗೆಯನ್ನು ಇಷ್ಟು ಚೆನ್ನಾಗಿ ಹೇಳುವ ಸರ್ಕಾರಿ ಫೈಲು ನಾನಂತೂ ನೋಡಿಲ್ಲ.

ಇದು ಬರೀ ನೆನಪಿನ ಮಾತಲ್ಲ. ಕಚೇರಿಗಳಲ್ಲಿ ಇವತ್ತೂ ಕೇಳುವುದು ದಿನಾಂಕ. ಅರಣ್ಯ ಒತ್ತುವರಿ ಸಕ್ರಮದ ಮಾತು ಬಂದರೆ 27-4-1978ಕ್ಕೆ ಮೊದಲೇ ಇಲ್ಲಿದ್ದಿರಾ ಅನ್ನುತ್ತಾರೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಕೇಂದ್ರದ ಒಪ್ಪಿಗೆ ಬೇಕು ಅನ್ನುತ್ತಾರೆ. ಶೆಟ್ಟಿಹಳ್ಳಿ ಅಭಯಾರಣ್ಯ ಆದದ್ದು 1974ರಲ್ಲಿ. ಅದರೊಳಗೆ ಸಿಕ್ಕಿಕೊಂಡ ಮುಳುಗಡೆ ಊರುಗಳು ಅದಕ್ಕೂ ಮೊದಲೇ ಅಲ್ಲಿದ್ದವು. ಇಂಥ ಕಡೆ 1965ರಲ್ಲಿ ಒಬ್ಬರು ಗುದ್ದಲಿ ಒಯ್ದ ಸಾಲು, 1972ರಲ್ಲಿ ಅವರ ಮಗ ಅಡಿಕೆ ತಂದು ಸಾಲ ತೀರಿಸಿದ ಸಾಲು ಇದ್ದರೆ ಅದಕ್ಕೆ ಬೆಲೆ ಇಲ್ಲವೇ? ನಮ್ಮ ನೆರೆಯವರೊಬ್ಬರು ಒಂದು ಕಚೇರಿಗೆ ಹೋಗಿ ಅಂಗಡಿ ಪುಸ್ತಕದ ವಿಚಾರ ಎತ್ತಿದರೆ, ಇದೆಲ್ಲ ದಾಖಲೆ ಅಲ್ಲ ಅಂತ ನೋಡದೆಯೇ ಕಳಿಸಿದರು. ಅದು ಸರಿಯಲ್ಲ. ವ್ಯಾಪಾರದಲ್ಲಿ ಕ್ರಮವಾಗಿ ಇಟ್ಟುಕೊಂಡು ಬಂದ ಲೆಕ್ಕದ ಪುಸ್ತಕವನ್ನು ನ್ಯಾಯಾಲಯ ನೋಡಬಹುದು ಅಂತ 1872ರ ಸಾಕ್ಷ್ಯ ಕಾಯ್ದೆಯ 34ನೇ ಸೆಕ್ಷನ್ನಿನಲ್ಲೇ ಇತ್ತು. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲೂ ಆ ಮಾತು ಉಳಿದಿದೆ. ಆ ಬರಹ ಒಂದನ್ನೇ ಹಿಡಿದು ಯಾರ ಮೇಲೂ ಹೊಣೆ ಹೊರಿಸಬಾರದು ಅಂತಲೂ ಕಾನೂನು ಹೇಳುತ್ತದೆ. ಆದರೆ ನಾವು ಯಾರ ಮೇಲೂ ಸಾಲ ಹೊರಿಸಲು ಹೊರಟಿಲ್ಲವಲ್ಲ. ಈ ಮನುಷ್ಯ ಈ ವರ್ಷ ಇಲ್ಲಿದ್ದ ಅನ್ನುವುದಕ್ಕೆ ಇತರ ಕಾಗದಗಳ ಜೊತೆ ಇದನ್ನೂ ಇಟ್ಟು ನೋಡಿ ಅಂತ ಕೇಳುತ್ತಿದ್ದೇವೆ.

ಅಂಗಡಿಯವರ ಮನೆಯವರು ಪುಸ್ತಕ ಹೊರಗೆ ತೆಗೆಯಲು ಹಿಂಜರಿಯುತ್ತಾರೆ. ಅದಕ್ಕೂ ಕಾರಣ ಇದೆ. ಯಾರ ಮನೆ ಎಷ್ಟು ಬಾಕಿ ಉಳಿಸಿಕೊಂಡಿತ್ತು, ಯಾರಿಗೆ ಒಂದು ಹಬ್ಬಕ್ಕೂ ಬೆಲ್ಲ ಕೊಳ್ಳಲು ಆಗಲಿಲ್ಲ ಅನ್ನುವುದೆಲ್ಲ ಅದರಲ್ಲಿದೆ. ಇವತ್ತು ಅವರ ಮೊಮ್ಮಕ್ಕಳು ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿರಬಹುದು. ಊರವರ ಮಾನದ ಪ್ರಶ್ನೆ ಇದು, ಹಗುರವಾಗಿ ನೋಡುವಂಥದ್ದಲ್ಲ. 1976ರಲ್ಲಿ ದೇವರಾಜ ಅರಸು ಅವರ ಸರ್ಕಾರ ಸಾಲ ಪರಿಹಾರದ ಕಾನೂನು ತಂದಿತು. ಆಗ ಅಪ್ಪಯ್ಯ ಬಡವರ ಖಾತೆಗಳಿಗೆಲ್ಲ ಅಡ್ಡಗೆರೆ ಎಳೆದು ತಾರೀಕು ಹಾಕಿದರು. ಆದರೆ ಪುಸ್ತಕ ಸುಡಲಿಲ್ಲ. "ಸಾಲ ಹೋಯ್ತು ಮಗಾ, ಲೆಕ್ಕ ಹೋಗ್ಲಿಲ್ಲ" ಅಂದಿದ್ದರು. ಸಾಲದ ಭಯ ಯಾರಿಗೂ ಬೇಡ. ಅಷ್ಟು ಹಳೇ ಉದ್ರಿಗೆ ಯಾರೂ ಕೋರ್ಟಿಗೆ ಹೋಗಲು ಬರುವುದಿಲ್ಲ, ಅವಧಿ ಎಂದೋ ಮುಗಿದಿದೆ. ಮಾನದ ಮಾತಿಗೆ ಒಂದು ದಾರಿ ಇದೆ. ಒಂದು ಮನೆಯ ಖಾತೆಯನ್ನು ಆ ಮನೆಯವರು ಕೇಳಿದಾಗ ಮಾತ್ರ ಹೆಸರು ಸಮೇತ ಕೊಡಲಿ. ಬೇರೆಯವರಿಗೆ, ಸಂಶೋಧನೆ ಮಾಡುವವರಿಗೆ ಹೆಸರು ಮುಚ್ಚಿ ತೋರಿಸಲಿ. ಇದನ್ನು ಮೊದಲೇ ಬರವಣಿಗೆಯಲ್ಲಿ ಒಪ್ಪಿಕೊಂಡರೆ ಎಷ್ಟೋ ಅಟ್ಟಗಳಿಂದ ಪುಸ್ತಕ ಕೆಳಗಿಳಿಯುತ್ತದೆ.

ಬೇರೆ ದೇಶದವರು ಇಂಥವನ್ನು ಹೇಗೆ ಕಾಪಾಡಿಕೊಂಡಿದ್ದಾರೆ ನೋಡಿ. ನನ್ನ ಅಕ್ಕನ ಮಗ ಕೆನಡಾದ ವಿನಿಪೆಗ್ ಊರಲ್ಲಿದ್ದಾನೆ. ಅಲ್ಲಿ ಹಡ್ಸನ್ಸ್ ಬೇ ಕಂಪನಿಯ ಹಳೇ ಕಾಗದಗಳ ಸಂಗ್ರಹ ಇದೆ. 1670ರಲ್ಲಿ ಶುರುವಾದ ಕಂಪನಿ ಅದು. ಚಳಿಕಾಡಿನ ನಡುವೆ ಅಂಗಡಿ ಇಟ್ಟು, ಅಲ್ಲಿನ ಮೂಲನಿವಾಸಿಗಳಿಂದ ತುಪ್ಪಳದ ತೊಗಲು ಕೊಂಡು ಕಂಬಳಿ, ಕೊಡಲಿ, ಕೆಟಲು ಕೊಡುತ್ತಿತ್ತು. ದುಡ್ಡಿನ ಬದಲು ಬೀವರ್ ಅನ್ನುವ ಪ್ರಾಣಿಯ ತೊಗಲೇ ಲೆಕ್ಕದ ಅಳತೆ. ಇಂಥ ಸಾಮಾನಿಗೆ ಇಷ್ಟು ಬೀವರ್ ಅಂತ ಬರೆಯುತ್ತಿದ್ದರು. ಅಂಗಡಿಯವರು ಲೆಕ್ಕದ ಜೊತೆಗೆ ದಿನಚರಿಯನ್ನೂ ಬರೆದಿಟ್ಟರು. ನದಿ ಯಾವ ದಿನ ಹೆಪ್ಪುಗಟ್ಟಿತು, ಯಾವ ದಿನ ಮಂಜುಗಡ್ಡೆ ಒಡೆಯಿತು ಅಂತೆಲ್ಲ ಅದರಲ್ಲಿದೆ. ಈಗ ಹವಾಮಾನ ಬದಲಾದದ್ದನ್ನು ತಿಳಿಯಲು ವಿಜ್ಞಾನಿಗಳು ಅದನ್ನೇ ನೋಡುತ್ತಾರೆ. 1994ರಲ್ಲಿ ಕಂಪನಿ ಅದನ್ನೆಲ್ಲ ಅಲ್ಲಿನ ಸರ್ಕಾರಕ್ಕೆ ಕೊಟ್ಟುಬಿಟ್ಟಿತು. 2007ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನಮ್ಮ ಅಪ್ಪಯ್ಯನೂ ರೋಜು ಪುಸ್ತಕದ ಅಂಚಿನಲ್ಲಿ "ಹಳ್ಳ ಕಟ್ಟಿದೆ, ಗಾಡಿ ಬಂದಿಲ್ಲ", "ಇವತ್ತು ಮೊದಲ ಮಳೆ" ಅಂತ ಬರೆಯುತ್ತಿದ್ದರು. ಆ ಕಂಪನಿಯ ಲಾಭಕೋರತನ ಬೇರೆ, ನಮ್ಮ ಮುಳುಗಡೆಯವರ ಪಾಡು ಬೇರೆ. ಆದರೆ ಕಾಗದ ಕಾಪಾಡುವ ಬುದ್ಧಿಯನ್ನು ಅವರಿಂದ ಕಲಿಯಬಹುದು.

ಅಷ್ಟು ದೂರ ಯಾಕೆ, ನಮ್ಮ ಜಿಲ್ಲೆಯಲ್ಲೇ ಕೆಳದಿಯ ವಸ್ತುಸಂಗ್ರಹಾಲಯ ಇದೆ. ಕೆಳದಿ ಗುಂಡಾ ಜೋಯಿಸರು ತಾಳೆಗರಿ, ಕಡತಗಳನ್ನು ಮನೆಮನೆಗಳಿಂದ ಕೂಡಿಹಾಕಿ ಉಳಿಸಿದರು. ಈಗ ಅದು ಕುವೆಂಪು ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. ಕಡತ ಅಂದರೆ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಬಳಪದಲ್ಲಿ ಬರೆದದ್ದು. ಕೆಳದಿ ಅರಸರ ಕಾಲದ ಕಾಗದಕ್ಕೆ ಕೊಟ್ಟ ಗೌರವವನ್ನು 60 ವರ್ಷದ ಹಿಂದಿನ ನಮ್ಮ ಜನರ ಕಾಗದಕ್ಕೂ ಕೊಡಲಿ. ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ವಿದ್ಯಾರ್ಥಿಗಳು ಮುಳುಗಡೆ ಊರುಗಳಿಗೆ ಬಂದು, ಅಂಗಡಿ ಪುಸ್ತಕಗಳ ಫೋಟೋ ತೆಗೆದುಕೊಂಡು, ಮೂಲವನ್ನು ಮನೆಯವರಿಗೇ ವಾಪಸ್ ಕೊಡಲಿ. ಜಿಲ್ಲಾಡಳಿತ ಅದರ ಒಂದು ಪ್ರತಿ ಇಟ್ಟುಕೊಳ್ಳಲಿ. ಹಕ್ಕುಪತ್ರದ ಅರ್ಜಿ ಬಂದಾಗ ಪೂರಕ ದಾಖಲೆಯಾಗಿ ನೋಡಲಿ. ಖರ್ಚು ಜಾಸ್ತಿ ಆಗುವ ಕೆಲಸ ಅಲ್ಲ.

ಪುಸ್ತಕ ಇರುವ ಮನೆಯವರಿಗೆ ಎರಡು ಮಾತು. ಅಪ್ಪಯ್ಯ ನೀಲಿ ಕಪ್ಪು ಶಾಯಿಯಲ್ಲಿ ಬರೆದದ್ದು ಇವತ್ತಿಗೂ ಹಾಗೇ ಇದೆ. ಕಾಪಿ ಪೆನ್ಸಿಲಿನಲ್ಲಿ ಬರೆದ ಹಾಳೆಗಳ ಕಥೆ ಬೇರೆ. ನೀರು ತಾಗಿದ ಕಡೆಯೆಲ್ಲ ನೇರಳೆ ಬಣ್ಣ ಹರಡಿ ಅಕ್ಷರ ಕಲಸಿಹೋಗಿದೆ. ಅದಕ್ಕೇ ತೇವದಿಂದ ಕಾಪಾಡುವುದು ಮೊದಲ ಕೆಲಸ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ, ಒಳಗೇ ಬೂಷ್ಟು ಹಿಡಿಯುತ್ತದೆ. ಹಳೇ ಕಾಟನ್ ಬಟ್ಟೆಯಲ್ಲಿ ಸುತ್ತಿ, ನಡುವೆ ಬಜೆ ಬೇರಿನ ಚೂರು ಇಡಿ. ಹರಿದ ಹಾಳೆಗೆ ಟೇಪು ಅಂಟಿಸಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಣಗಿಸಬೇಕಾದರೆ ನೆರಳಲ್ಲಿ ಹರಡಿ, ಬಿಸಿಲಿಗೆ ಹಾಕಬೇಡಿ. ಈಗ ಎಲ್ಲರ ಕೈಲೂ ಮೊಬೈಲ್ ಇದೆ. ಮೊದಲ ಹಾಳೆಯಿಂದ ಕೊನೆಯ ಹಾಳೆವರೆಗೆ ಖಾಲಿ ಹಾಳೆಯನ್ನೂ ಬಿಡದೆ ಕ್ರಮವಾಗಿ ಫೋಟೋ ತೆಗೆದಿಡಿ. ಬೇಕಾದ ಒಂದೇ ಹಾಳೆ ಹರಿದು ಇಟ್ಟುಕೊಂಡರೆ ಪ್ರಯೋಜನ ಇಲ್ಲ. ಪುಸ್ತಕ ಪೂರ್ತಿ ಇದ್ದರೆ ಮಾತ್ರ ಅದು ಕ್ರಮವಾಗಿ ಇಟ್ಟ ಲೆಕ್ಕ ಅಂತ ತೋರಿಸಬಹುದು.

ಇವತ್ತಿನ ಅಂಗಡಿಗಳಲ್ಲಿ ಉದ್ರಿ ಪುಸ್ತಕವೂ ಮೊಬೈಲಿಗೆ ಹೋಗಿದೆ. ಮೆಷಿನ್ನಿನಲ್ಲಿ ಬರುವ ಬಿಲ್ಲಿನ ಅಕ್ಷರ ಕೆಲವು ತಿಂಗಳಲ್ಲೇ ಮಾಸುತ್ತದೆ. ಅದರ ಚಿಂತೆಯೂ ಇದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ನಮ್ಮ ಮನೆಯ ಪುಸ್ತಕಗಳನ್ನು ತೋರಿಸಲು ನಾನು ತಯಾರಿದ್ದೇನೆ. ತಮ್ಮಂದಿರ ಒಪ್ಪಿಗೆಯೂ ಇದೆ. ಹೆಸರು ಮುಚ್ಚುವ ಷರತ್ತನ್ನು ಬರೆದುಕೊಡಬೇಕು, ಮೂಲ ಪುಸ್ತಕ ಮನೆಯಲ್ಲೇ ಉಳಿಯಬೇಕು, ಇಷ್ಟೇ. ವಿಶ್ವವಿದ್ಯಾಲಯದವರಾಗಲಿ ಜಿಲ್ಲಾಡಳಿತದವರಾಗಲಿ ನಿಮ್ಮ ಕಚೇರಿಗೆ ಬರೆದರೆ ನನಗೆ ತಲುಪಿಸಿ. ಬೇರೆ ಊರುಗಳ ಅಂಗಡಿಯವರ ಮನೆಯವರು ಬರೆದರೂ ಸಂತೋಷ, ಅವರ ಊರಿಗೆ ನಾನೇ ಹೋಗಿ ಹಾಳೆ ಜೋಡಿಸಲು ನೆರವಾಗುತ್ತೇನೆ. ಬರುವವರು ಮಳೆಗಾಲಕ್ಕೆ ಮೊದಲೇ ಬರಲಿ. ಜೂನ್ ಹಿಡಿದರೆ ನಮ್ಮ ಕಡೆ ಪುಸ್ತಕ ಬಿಚ್ಚಿ ಹರಡುವಂತಿಲ್ಲ.

ಇಂತಿ,
ಮುಳುಗಡೆ ಊರಿನ ಒಬ್ಬ ನಿವೃತ್ತ ಶಿಕ್ಷಕಿ
ಶಿವಮೊಗ್ಗ ತಾಲ್ಲೂಕು